ಚಳಿ ಮಳೆಯ ಬೆಟ್ಟದಲ್ಲಿ ಒಂಟಿ ಸೈಕಲ್ ಪ್ರವಾಸ: ಒಣಗಿದ ಒಂದು ಜೊತೆ ಬಟ್ಟೆ ಕಾಪಾಡಿಕೊಳ್ಳಿ

ಪ್ರಶ್ನೆ: ಸಮತಟ್ಟಾದ ದಾರಿಯಲ್ಲಿ ಎರಡು ಮೂರು ದಿನದ ಸೈಕಲ್ ಪ್ರವಾಸ ಮಾಡಿ ಅಭ್ಯಾಸವಿದೆ. ಈಗ ಮೂರು ವಾರ ಬೆಟ್ಟದ ದಾರಿಯಲ್ಲಿ ಒಬ್ಬನೇ ಹೋಗಬೇಕು ಎಂದುಕೊಂಡಿದ್ದೇನೆ. ರಾತ್ರಿ ಟೆಂಟ್‌ನಲ್ಲೇ ಮಲಗುವುದು. ಹಗಲು 5ರಿಂದ 12 ಡಿಗ್ರಿ, ರಾತ್ರಿ ಸೊನ್ನೆಯ ಹತ್ತಿರ, ಹೆಚ್ಚಿನ ದಿನ ಮಳೆ. ಮೈ ಒದ್ದೆಯಾಗದೆ ಇರಲು ಎಂಥ ರೇನ್‌ಕೋಟ್ ಕೊಳ್ಳಬೇಕು? ಒಬ್ಬನೇ ಹೋಗುವುದು ಅಪಾಯವೇ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಮೂರು ವಾರ ಮಳೆಯಲ್ಲಿ ಬೆಟ್ಟ ಹತ್ತುವವರ ಮೈ ಒಣಗಿರುವಂತೆ ಮಾಡುವ ರೇನ್‌ಕೋಟ್ ಇಲ್ಲ. ಎಷ್ಟು ದುಡ್ಡು ಕೊಟ್ಟರೂ ಇಲ್ಲ. ಹೊರಗಿನ ಮಳೆ ಒಳಗೆ ಬರದಿದ್ದರೆ ಒಳಗಿನ ಬೆವರು ಹೊರಗೆ ಹೋಗುವುದಿಲ್ಲ. ಬೆವರಿನ ಆವಿಯನ್ನು ಹೊರಗೆ ಬಿಡುವ ಬಟ್ಟೆ ಇದೆ ಅಂತಾರೆ, ಅದು ನಿಜವೇ. ಆದರೆ ಗಂಟೆಗಟ್ಟಲೆ ಜಡಿಮಳೆ ಬಿದ್ದು ಮೇಲಿನ ಪದರ ನೀರು ಕುಡಿದ ಮೇಲೆ ಆವಿ ಹೋಗುವ ದಾರಿ ಮುಚ್ಚಿಕೊಳ್ಳುತ್ತದೆ. ಭಾರ ಹೊತ್ತ ಸೈಕಲ್ ತುಳಿದು ಏರು ಹತ್ತುವಾಗ ಬರುವ ಬೆವರಿನ ಮುಂದೆ ಅದರ ಆಟ ನಡೆಯುವುದಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಿಕೊಳ್ಳಿ. ಹಗಲೆಲ್ಲ ಒದ್ದೆಯಾಗಿದ್ದರೂ ಮೈ ಬೆಚ್ಚಗೆ ಇರುವುದು ಹೇಗೆ? ರಾತ್ರಿ ಒಣ ಬಟ್ಟೆಯಲ್ಲಿ ಮಲಗುವುದು ಹೇಗೆ? ಈ ಎರಡಕ್ಕೆ ಉತ್ತರ ಇದ್ದರೆ ಮೂರು ವಾರ ಹೋಗಿ ಬರಬಹುದು.

ಇಲ್ಲಿ ಒಂದು ವಿಷಯ ಚೆನ್ನಾಗಿ ಮನಸ್ಸಿಗೆ ತೆಗೆದುಕೊಳ್ಳಿ. ಹಿಮ ಬೀಳುವ ಒಣ ಚಳಿಗಿಂತ ಸೊನ್ನೆಗೆ ಸ್ವಲ್ಪ ಮೇಲಿನ ಮಳೆಯ ಚಳಿ ಜಾಸ್ತಿ ಮೋಸ ಮಾಡುತ್ತದೆ. ಮೈನಸ್ 10 ಡಿಗ್ರಿ ಎಂದರೆ ಎಲ್ಲರೂ ಹುಷಾರಾಗುತ್ತಾರೆ. 6 ಡಿಗ್ರಿ, ಮಳೆ, ಗಾಳಿ ಎಂದರೆ ಯಾರೂ ಅಷ್ಟು ಹೆದರುವುದಿಲ್ಲ. 1964ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಫೋರ್ ಇನ್ಸ್ ಎಂಬ ನಡಿಗೆ ಸ್ಪರ್ಧೆ ನಡೆಯಿತು. ಮಳೆ ಗಾಳಿಗೆ ಸಿಕ್ಕಿ ಮೂವರು ಯುವಕರು ತೀರಿಕೊಂಡರು. ಅವು ದೊಡ್ಡ ಪರ್ವತಗಳಲ್ಲ, ಸಾಧಾರಣ ಗುಡ್ಡಗಳು. 1953ರ ಎವರೆಸ್ಟ್ ತಂಡದಲ್ಲಿದ್ದ ಶರೀರಶಾಸ್ತ್ರಜ್ಞ ಗ್ರಿಫಿತ್ ಪ್ಯೂ ಈ ಸಾವುಗಳನ್ನು ಅಧ್ಯಯನ ಮಾಡಿದರು. ಬಟ್ಟೆ ತೊಯ್ದು, ಮೇಲೆ ಗಾಳಿಯೂ ಬೀಸಿದರೆ ಆ ಬಟ್ಟೆ ಮೈಯ ಬಿಸಿಯನ್ನು ಹಿಡಿದಿಡುವ ಶಕ್ತಿಯ ಬಹುಪಾಲನ್ನು ಕಳೆದುಕೊಳ್ಳುತ್ತದೆ ಎಂದು ಅವರು ಪರೀಕ್ಷೆ ಮಾಡಿ ತೋರಿಸಿದರು. ಕಾರಣ ಸರಳ. ಬಟ್ಟೆಯ ಎಳೆಗಳ ನಡುವೆ ನಿಂತ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ಆ ಜಾಗವನ್ನು ನೀರು ಹಿಡಿದರೆ, ನಿಂತ ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಬಿಸಿ ಹೊರಗೆ ಹೋಗುತ್ತದೆ.

ಸೈಕಲ್ ಸವಾರರಿಗೆ ಇನ್ನೊಂದು ತೊಂದರೆ ಇದೆ. ಗಾಳಿ ಬೀಸದಿದ್ದರೂ ನಾವೇ ಗಾಳಿ ಎಬ್ಬಿಸಿಕೊಳ್ಳುತ್ತೇವೆ. ಲೆಕ್ಕ ನೋಡಿ. ಪ್ರತಿ 1000 ಮೀಟರ್ ಎತ್ತರಕ್ಕೆ ಸರಾಸರಿ 6.5 ಡಿಗ್ರಿಯಷ್ಟು ತಾಪ ಇಳಿಯುತ್ತದೆ. ಬುಡದಲ್ಲಿ 12 ಡಿಗ್ರಿ ಇದ್ದರೆ 1100 ಮೀಟರ್ ಮೇಲೆ ನೆತ್ತಿಯಲ್ಲಿ 5 ಡಿಗ್ರಿ. ಎರಡು ಗಂಟೆ ಬೆವರು ಸುರಿಸಿ ಅಲ್ಲಿಗೆ ಹೋಗಿರುತ್ತೀರಿ. ಅಲ್ಲಿಂದ ಗಂಟೆಗೆ 40 ಕಿ.ಮೀ. ವೇಗದಲ್ಲಿ ಇಳಿದರೆ ಮುಖಕ್ಕೆ ಆ 5 ಡಿಗ್ರಿ ಸೊನ್ನೆಗಿಂತ ಕೆಳಗಿನ ಚಳಿಯಂತೆ ತಟ್ಟುತ್ತದೆ. ಇದು ಒಣ ಚರ್ಮದ ಲೆಕ್ಕ, ಒದ್ದೆ ಮೈಗೆ ಇನ್ನೂ ಜಾಸ್ತಿ. ಜೊತೆಗೆ ಇಳಿಯುವಾಗ ಕಾಲು ತುಳಿಯುವುದಿಲ್ಲ, ಅಂದರೆ ಮೈ ಬಿಸಿ ಹುಟ್ಟಿಸುವುದೂ ಬಹಳ ಕಡಿಮೆಯಾಗಿರುತ್ತದೆ. ನನ್ನ ಅನುಭವದಲ್ಲಿ ಏರಿನಲ್ಲಿ ತೊಂದರೆಗೆ ಸಿಕ್ಕವರು ಕಡಿಮೆ. ಹೆಚ್ಚಿನ ಪಾಡು ಇಳಿಜಾರಿನ ಮೊದಲ ಇಪ್ಪತ್ತು ನಿಮಿಷದಲ್ಲಿ.

ನನಗೂ ಒಮ್ಮೆ ಹೀಗೇ ಆಯಿತು. ಸಂಜೆ ಹೊತ್ತು, ಸೋನೆ ಮಳೆ. ಕೆಳಗೆ ಹೋಗಿ ಟೆಂಟ್ ಹಾಕಿದರಾಯಿತು ಎಂದು ನೆತ್ತಿಯಲ್ಲಿ ನಿಲ್ಲದೆ ಇಳಿದೆ. ಅರ್ಧ ದಾರಿಯಲ್ಲಿ ಬೆರಳು ಬ್ರೇಕ್ ಹಿಡಿದಿದೆಯೋ ಇಲ್ಲವೋ ಗೊತ್ತಾಗಲಿಲ್ಲ, ಕಣ್ಣಿನಿಂದ ನೋಡಿ ತಿಳಿಯಬೇಕಾಯಿತು. ಕೆಳಗೆ ಬಂದು ನಿಂತಾಗ ಬ್ಯಾಗಿನ ಬಕಲ್ ಬಿಚ್ಚಲು ಆಗಲಿಲ್ಲ. ಹಲ್ಲಿನಿಂದ ಬಿಚ್ಚಿದೆ. ಹತ್ತು ನಿಮಿಷದಲ್ಲಿ ಹಾಕುವ ಟೆಂಟ್‌ಗೆ ಮುಕ್ಕಾಲು ಗಂಟೆ ಹಿಡಿಯಿತು. ಬೇಕಾದ ಸಾಮಾನೆಲ್ಲ ಬ್ಯಾಗಿನಲ್ಲೇ ಇತ್ತು, ತೆಗೆಯಲು ಕೈ ಇರಲಿಲ್ಲ. ಜೊತೆಯಲ್ಲಿ ಒಬ್ಬರಿದ್ದರೆ ಅವರು ಬಿಚ್ಚಿಕೊಡುತ್ತಿದ್ದರು. ಒಬ್ಬರೇ ಹೋಗುವುದರ ನಿಜವಾದ ಅಪಾಯ ಇದು. ಕಾಡುಪ್ರಾಣಿ, ಕಳ್ಳರು ಅಂತೆಲ್ಲ ಜನ ಹೆದರಿಸುತ್ತಾರೆ. ನಾನು ಹೆದರುವುದು ಮರಗಟ್ಟಿದ ಬೆರಳಿಗೆ.

ಅದಕ್ಕೇ ನನ್ನ ನಿಯಮ ಒಂದೇ: ನಿಲ್ಲಬೇಕು ಅನ್ನಿಸುವುದಕ್ಕೆ ಮೊದಲೇ ನಿಲ್ಲಬೇಕು.

ನೆತ್ತಿಗೆ ಇನ್ನೂರು ಮುನ್ನೂರು ಮೀಟರ್ ಇರುವಾಗಲೇ, ಗಾಳಿಗೆ ಮರೆಯಾದ ಜಾಗದಲ್ಲಿ ನಿಲ್ಲಿ. ನೆತ್ತಿಯ ಮೇಲೆ ಬೇಡ, ಅಲ್ಲಿ ಗಾಳಿ ಜೋರು. ಮೈ ಇನ್ನೂ ಬಿಸಿಯಾಗಿರುವಾಗ ಬೆಚ್ಚನೆಯ ಪದರ, ಅದರ ಮೇಲೆ ರೇನ್‌ಕೋಟ್, ಒಣ ಗ್ಲೌಸ್, ಹೆಲ್ಮೆಟ್ ಒಳಗೆ ತೆಳು ಟೊಪ್ಪಿ ಎಲ್ಲ ಹಾಕಿಕೊಳ್ಳಿ. ಏನಾದರೂ ತಿನ್ನಿ. ಆಮೇಲೆ ದಾಟಿ. ಇಳಿಯುವಾಗ ವೇಗ ಕಡಿಮೆ ಇಡಿ, ಬ್ರೇಕ್ ಹಿಡಿದೇ ಸುಮ್ನೆ ಸ್ವಲ್ಪ ಪೆಡಲ್ ತುಳಿಯುತ್ತಿರಿ. ಹತ್ತು ನಿಮಿಷಕ್ಕೊಮ್ಮೆ ನಿಂತು ಕೈಗಳನ್ನು ಗಾಳಿಯಂತ್ರದ ರೆಕ್ಕೆಯ ಹಾಗೆ ಜೋರಾಗಿ ತಿರುಗಿಸಿ. ಹಾಗೆ ಬೀಸಿದಾಗ ರಕ್ತ ಬೆರಳ ತುದಿಗೆ ನುಗ್ಗುತ್ತದೆ.

ಏರಿನಲ್ಲಿ ಇದಕ್ಕೆ ಉಲ್ಟಾ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಬೆಚ್ಚಗೆ ಹೊರಟವರು ಕಾಲು ಗಂಟೆಯಲ್ಲಿ ಬೆವರಿನಲ್ಲಿ ತೋಯುತ್ತಾರೆ. ಮೈಗೆ ತಾಗಿ ಒಂದು ತೆಳು ಉಣ್ಣೆ ಅಂಗಿ, ಮೇಲೆ ಜಿಪ್ ಬಿಟ್ಟ ರೇನ್‌ಕೋಟ್, ಅಷ್ಟೇ. ಕಂಕುಳ ಕೆಳಗೆ ಜಿಪ್ ಇರುವ ಕೋಟ್ ಸಿಕ್ಕರೆ ಅದನ್ನೇ ಕೊಳ್ಳಿ. ಒಳಗೆ ದಪ್ಪ ಪದರ ಹಿಡಿಯುವಷ್ಟು ದೊಗಳೆ ಇರಲಿ, ಬೆನ್ನು ಉದ್ದ ಇರಲಿ, ಕೋಟಿನ ಟೊಪ್ಪಿ ಹೆಲ್ಮೆಟ್ ಜೊತೆ ಹೊಂದಬೇಕು. ಕೋಟ್ ಬಗ್ಗೆ ನಾನು ಹೇಳುವುದು ಇಷ್ಟೇ. ಇನ್ನು ಹತ್ತಿ ಬಟ್ಟೆ ಒಂದು ತುಂಡೂ ಬೇಡ, ಒಳಉಡುಪು ಕೂಡ. ಹತ್ತಿ ನೀರು ಹಿಡಿದು ಮೈಗೆ ಅಂಟಿಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಒಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಅದು ಒಣಗಲು ಹೊತ್ತು ಹಿಡಿಯುತ್ತದೆ, ನಿಜ. ಮೇಲಿನ ಬೆಚ್ಚನೆಯ ಪದರಕ್ಕೆ ಫ್ಲೀಸ್, ಅಂದರೆ ಜುಂಗು ಜುಂಗಾದ ಸಿಂಥೆಟಿಕ್ ಬಟ್ಟೆ, ಒಳ್ಳೆಯದು. ಹಿಂಡಿ ಕೊಡವಿದರೆ ಅರ್ಧ ನೀರು ಹೋಗಿರುತ್ತದೆ.

ಕೈಗೆ ಎರಡು ಜೊತೆ ಗ್ಲೌಸ್ ಬೇಕೇ ಬೇಕು. ನನಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದಿದ್ದು ತೆಳು ಉಣ್ಣೆ ಗ್ಲೌಸ್, ಅದರ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್, ಒಂದು ಸೈಜ್ ದೊಡ್ಡದು. ಒಳಗೆ ಬೆವರು ಬರುತ್ತದೆ, ಆದರೆ ಗಾಳಿ ಹೊಗುವುದಿಲ್ಲ. ಕಾಲಿಗೂ ಅದೇ ಉಪಾಯ: ಉಣ್ಣೆ ಸಾಕ್ಸ್, ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಶೂ. ಶೂ ಬಿಗಿಯಾಗಿದ್ದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ, ಅದಕ್ಕೆ ಶೂ ಸ್ವಲ್ಪ ಸಡಿಲ ಇರಲಿ. ಮತ್ತೆ, ದಯವಿಟ್ಟು ಸೈಕಲ್‌ಗೆ ಪೂರ್ತಿ ಉದ್ದದ ಮಡ್‌ಗಾರ್ಡ್ ಹಾಕಿಸಿ. ಮಳೆ ನಿಂತ ಮೇಲೂ ರಸ್ತೆಯ ನೀರನ್ನು ಚಕ್ರ ಕಾಲಿಗೂ ಬೆನ್ನಿಗೂ ಎರಚುತ್ತಲೇ ಇರುತ್ತದೆ. ಕೋಟ್‌ಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಇದಕ್ಕೆ ಹಾಕಿ.

ಈಗ ನಾನು ಕೈಮುಗಿದು ಕೇಳಿಕೊಳ್ಳುವ ಮಾತು. ಒಂದು ಜೊತೆ ಬಟ್ಟೆ ಬರೀ ಮಲಗಲು ಅಂತ ಎತ್ತಿಡಿ. ಉಣ್ಣೆಯ ಮೇಲಂಗಿ, ಉದ್ದ ಪ್ಯಾಂಟ್, ದಪ್ಪ ಸಾಕ್ಸ್, ಟೊಪ್ಪಿ. ಅದನ್ನು ಸ್ಲೀಪಿಂಗ್ ಬ್ಯಾಗ್ ಜೊತೆ ಒಂದು ಜಲನಿರೋಧಕ ಚೀಲದಲ್ಲಿ ಹಾಕಿ, ಆ ಚೀಲವನ್ನು ಬಾಯಿ ಸುತ್ತಿ ಮುಚ್ಚುವ ಪ್ಯಾನಿಯರ್ (ಕ್ಯಾರಿಯರ್ ಪಕ್ಕಕ್ಕೆ ತೂಗುಹಾಕುವ ಬ್ಯಾಗ್) ಒಳಗೆ ಇಡಿ. ಎರಡು ಪದರ. ಟೆಂಟ್ ಒಳಗೆ ಕೂತು ಮೈ ಒರೆಸಿಕೊಂಡ ಮೇಲೆ ಮಾತ್ರ ಆ ಚೀಲ ತೆರೆಯಬೇಕು. ಬೆಳಿಗ್ಗೆ ಹೊರಗೆ ಮಳೆ ಸುರಿಯುತ್ತಿರುತ್ತದೆ, ನಿನ್ನೆಯ ಬಟ್ಟೆ ತಣ್ಣಗೆ ತೊಪ್ಪೆಯಾಗಿರುತ್ತದೆ. ಇವತ್ತೊಂದು ದಿನ ಒಣ ಅಂಗಿಯಲ್ಲೇ ಹೊರಟುಬಿಡೋಣ ಅನ್ನಿಸುತ್ತದೆ. ಬೇಡ. ಒದ್ದೆಯದನ್ನೇ ಹಾಕಿಕೊಳ್ಳಿ. ಐದು ನಿಮಿಷ ಮೈ ಜುಮ್ಮೆನ್ನುತ್ತದೆ, ಹತ್ತು ನಿಮಿಷ ಪೆಡಲ್ ತುಳಿದ ಮೇಲೆ ಮೈಬಿಸಿಗೆ ಅದೇ ಬಟ್ಟೆ ಬೆಚ್ಚಗಾಗುತ್ತದೆ. ಒಣಗಿದ್ದನ್ನು ಹಾಕಿಕೊಂಡರೆ ಸಂಜೆಗೆ ನಿಮ್ಮ ಹತ್ತಿರ ಎರಡು ಜೊತೆ ಒದ್ದೆ ಬಟ್ಟೆ ಇರುತ್ತದೆ, ಒಣಗಿದ್ದು ಒಂದೂ ಇರುವುದಿಲ್ಲ. ಒದ್ದೆ ಟೆಂಟ್ ಕೂಡ ಆ ಪ್ಯಾನಿಯರ್‌ನೊಳಗೆ ಹೋಗಬಾರದು, ಹೊರಗೆ ಕ್ಯಾರಿಯರ್ ಮೇಲೆ ಕಟ್ಟಿ.

ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ ಚೀಟಿ ಓದಿ. ಐಎಸ್‌ಒ 23537 ಎಂಬ ಅಳತೆಯ ಪ್ರಕಾರ ಅದರಲ್ಲಿ ಕಂಫರ್ಟ್, ಲಿಮಿಟ್ ಎಂದು ಬೇರೆ ಬೇರೆ ತಾಪ ಬರೆದಿರುತ್ತಾರೆ. ಅಂಗಡಿಯಲ್ಲಿ ದೊಡ್ಡದಾಗಿ ಕಾಣಿಸುವುದು ಹೆಚ್ಚಾಗಿ ಲಿಮಿಟ್. ಅದು ಮುದುಡಿಕೊಂಡು ಹೇಗೋ ರಾತ್ರಿ ಕಳೆಯುವ ಲೆಕ್ಕ. ನೀವು ಕಂಫರ್ಟ್ ನೋಡಿ, ಅದು ಆರಾಮವಾಗಿ ಮಲಗಬಹುದಾದ ತಾಪ. ರಾತ್ರಿ ಸೊನ್ನೆ ಇರುವ ಕಡೆಗೆ ಕಂಫರ್ಟ್ ಮೈನಸ್ 5 ಇರುವ ಬ್ಯಾಗ್ ತೆಗೆದುಕೊಳ್ಳಿ, ಯಾಕೆಂದರೆ ದಣಿದ ಮೈಗೆ ಚಳಿ ಜಾಸ್ತಿ. ಗರಿ ತುಂಬಿದ ಬ್ಯಾಗ್ ಹಗುರ, ಆದರೆ ತೇವ ಹಿಡಿದರೆ ಗರಿ ಮುದ್ದೆಯಾಗುತ್ತದೆ. ದಿನಾ ಮಳೆ, ಒಣಗಿಸಲು ಬಿಸಿಲಿಲ್ಲ ಎಂದಾದರೆ ಪ್ರತಿ ರಾತ್ರಿಯ ತೇವ ಅದರಲ್ಲಿ ಸೇರುತ್ತಾ ಹೋಗುತ್ತದೆ. ನಿಮ್ಮ ಪ್ರವಾಸಕ್ಕೆ ನಾನು ಸಿಂಥೆಟಿಕ್ ಬ್ಯಾಗನ್ನೇ ಹೇಳುತ್ತೇನೆ, ಅರ್ಧ ಕಿಲೋ ಭಾರ ಜಾಸ್ತಿಯಾದರೂ ಪರವಾಗಿಲ್ಲ. ಕೆಳಗೆ ಹಾಸುವ ಮ್ಯಾಟ್‌ನ್ನು ಜನ ಮರೆಯುತ್ತಾರೆ. ಮೈ ಕೆಳಗೆ ಅದುಮಿದ ಬ್ಯಾಗ್ ಬೆಚ್ಚಗಿಡುವುದಿಲ್ಲ, ನೆಲ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮ್ಯಾಟ್ ಮೇಲೆ ಆರ್-ವ್ಯಾಲ್ಯೂ ಎಂಬ ಅಂಕಿ ಇರುತ್ತದೆ, ಅದು ಹೆಚ್ಚಿದಷ್ಟೂ ಬಿಸಿ ನೆಲಕ್ಕೆ ಹೋಗುವುದು ಕಡಿಮೆ. 3ಕ್ಕಿಂತ ಕಡಿಮೆ ಬೇಡ, 4 ಇದ್ದರೆ ನೆಮ್ಮದಿ.

ಟೆಂಟ್‌ನಲ್ಲಿ ನಾನು ನೋಡುವುದು ಒಂದೇ: ಹೊರಹೊದಿಕೆಯನ್ನು ಮೊದಲು ನಿಲ್ಲಿಸಿ ಒಳಟೆಂಟನ್ನು ಆಮೇಲೆ ತೂಗಿಹಾಕಲು ಆಗುತ್ತದಾ ಅಂತ. ಒಳಟೆಂಟ್ ಮೊದಲು ನಿಲ್ಲಿಸುವ ಜಾತಿಯಾದರೆ ಮಳೆಯಲ್ಲಿ ಹಾಕುವಷ್ಟರಲ್ಲಿ ಒಳಗೆ ಕೆರೆಯಾಗಿರುತ್ತದೆ. ಎಷ್ಟೇ ಚಳಿಯಿದ್ದರೂ ಗಾಳಿಕಿಂಡಿ ಮುಚ್ಚಬೇಡಿ. ರಾತ್ರಿಯಿಡೀ ಉಸಿರು ಮತ್ತು ಚರ್ಮದಿಂದ ಒಂದು ಲೋಟ ನೀರಾದರೂ ಆವಿಯಾಗಿ ಹೋಗುತ್ತದೆ. ಕಿಂಡಿ ಮುಚ್ಚಿದರೆ ಅದೆಲ್ಲ ಹೊದಿಕೆಯ ಒಳಮೈಗೆ ತಾಗಿ ಹನಿಯಾಗಿ ನಿಮ್ಮ ಮೇಲೇ ಬೀಳುತ್ತದೆ. ಬೆಳಿಗ್ಗೆ ಎದ್ದು ಟೆಂಟ್ ಸೋರುತ್ತದೆ ಎಂದು ಬೈಯುವವರಲ್ಲಿ ಹೆಚ್ಚಿನವರ ಟೆಂಟ್ ಸೋರಿರುವುದಿಲ್ಲ.

ಜಾಗ ಹುಡುಕುವುದನ್ನು ಕತ್ತಲಾಗುವುದಕ್ಕೆ ಎರಡು ಗಂಟೆ ಮೊದಲೇ ಶುರು ಮಾಡಿ. ತೀರಾ ತಗ್ಗಿನಲ್ಲಿ ಬೇಡ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ನೀರಿನಂತೆ ಕೆಳಗೆ ಹರಿದು ಅಲ್ಲೇ ನಿಲ್ಲುತ್ತದೆ, ಮಂಜು, ತೇವ ಎಲ್ಲ ಅಲ್ಲೇ. ಹಳ್ಳದ ಪಕ್ಕ, ಒಣಗಿದ ಹಳ್ಳದ ಪಾತ್ರದಲ್ಲಿ ಖಂಡಿತ ಬೇಡ. ನಿಮ್ಮ ಕಡೆ ಮಳೆ ನಿಂತಿದ್ದರೂ ಮೇಲಿನ ಬೆಟ್ಟದಲ್ಲಿ ಸುರಿದ ನೀರು ನಡುರಾತ್ರಿ ಬರಬಹುದು. ಗುಡ್ಡದ ತುದಿಯಲ್ಲೂ ಬೇಡ, ಗಾಳಿ ಮತ್ತು ಸಿಡಿಲು. ಒಣಗಿದ ಕೊಂಬೆಯ ಕೆಳಗೆ ಬೇಡ. ತಗ್ಗಿನಿಂದ ಸ್ವಲ್ಪ ಮೇಲೆ, ಗಾಳಿಗೆ ಬೆನ್ನು ಕೊಟ್ಟ ಸಣ್ಣ ದಿಣ್ಣೆ ಸಿಕ್ಕರೆ ಅದೇ ಅರಮನೆ.

ಒಲೆಯ ಬಗ್ಗೆ ಎಚ್ಚರ. ಚಳಿ ಎಂದು ಟೆಂಟ್ ಮುಚ್ಚಿ ಒಳಗೆ ಒಲೆ ಹಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮೊದಲು ತಲೆನೋವು, ಮಂಪರು, ಆಮೇಲೆ ಎದ್ದೇಳುವುದೇ ಇಲ್ಲ. ಅಡುಗೆ ಹೊರಗೇ ಆಗಬೇಕು. ಮಳೆ ಬಿಡದಿದ್ದರೆ ಮುಂಭಾಗದ ಚಾವಣಿಯ ಕೆಳಗೆ, ಬಾಗಿಲು ಪೂರ್ತಿ ತೆರೆದು, ಬಟ್ಟೆಗೆ ಬೆಂಕಿ ತಾಗದಷ್ಟು ದೂರದಲ್ಲಿ. ಗ್ಯಾಸ್ ಡಬ್ಬಿಯಲ್ಲಿ ಬರೀ ಬ್ಯೂಟೇನ್ ಇದ್ದರೆ ಸೊನ್ನೆಯ ಹತ್ತಿರ ಒಲೆ ಉರಿಯುವುದಿಲ್ಲ, ಅದು ಆವಿಯಾಗುವುದು ಮೈನಸ್ 0.5 ಡಿಗ್ರಿಯ ಮೇಲೆ. ಐಸೊಬ್ಯೂಟೇನ್ ಮೈನಸ್ 12ರವರೆಗೆ, ಪ್ರೊಪೇನ್ ಮೈನಸ್ 42ರವರೆಗೆ ಆವಿಯಾಗುತ್ತದೆ. ಇವೆರಡರ ಮಿಶ್ರಣ ಇರುವ ಡಬ್ಬಿ ಕೊಳ್ಳಿ. ಉರಿ ಕುಗ್ಗಿದರೆ ಡಬ್ಬಿಯನ್ನು ಒಲೆಯಿಂದ ಬಿಚ್ಚಿ ಕೋಟ್ ಒಳಗೆ ಇಟ್ಟು ಬಿಸಿ ಮಾಡಿ, ಬೆಂಕಿಗೆ ಮಾತ್ರ ಹಿಡಿಯಬೇಡಿ. ಮಲಗುವ ಮುಂಚೆ ಒಂದು ಗಟ್ಟಿ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಸೋರುವುದಿಲ್ಲ ಎಂದು ತಲೆಕೆಳಗೆ ಮಾಡಿ ನೋಡಿ, ಸಾಕ್ಸ್‌ನಲ್ಲಿ ಸುತ್ತಿ ತೊಡೆಗಳ ನಡುವೆ ಇಟ್ಟುಕೊಳ್ಳಿ. ಇದಕ್ಕಿಂತ ದೊಡ್ಡ ಸುಖ ಆ ಹೊತ್ತಿನಲ್ಲಿ ಬೇರೆ ಇಲ್ಲ.

ಸೈಕಲ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್ ಆದರೆ ಒದ್ದೆ ರಿಮ್ ಮೇಲೆ ಮೊದಲ ಒಂದೆರಡು ಸುತ್ತು ಹಿಡಿಯುವುದೇ ಇಲ್ಲ, ನೀರು ಒರೆಸುವುದರಲ್ಲೇ ಹೋಗುತ್ತದೆ. ತಿರುವಿಗೆ ಬಹಳ ಮೊದಲೇ ಮೆಲ್ಲಗೆ ಒತ್ತಿ. ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ಮಳೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ಆದರೆ ಮರಳು ಕೆಸರಿನಲ್ಲಿ ಪ್ಯಾಡ್ ಬೇಗ ಸವೆಯುತ್ತದೆ. ರಾಳ ಬೆರೆಸಿ ಮಾಡಿದ ರೆಸಿನ್ ಪ್ಯಾಡ್ ಇನ್ನೂ ಬೇಗ, ಲೋಹದ ಪುಡಿಯಿಂದ ಮಾಡಿದ ಪ್ಯಾಡ್ ಬಾಳಿಕೆ ಬರುತ್ತದೆ. ಬದಲಿ ಪ್ಯಾಡ್ ಇಟ್ಟುಕೊಳ್ಳಿ. ಪಂಕ್ಚರ್ ಗೋಂದು ಒದ್ದೆ ಟ್ಯೂಬಿಗೆ ಅಂಟುವುದಿಲ್ಲ, ಅದಕ್ಕೆ ಎರಡು ಹೊಸ ಟ್ಯೂಬ್ ಇರಲಿ. ರಸ್ತೆಯ ಬಿಳಿ ಪಟ್ಟೆ, ಸೇತುವೆಯ ಕಬ್ಬಿಣದ ಪಟ್ಟಿ, ಒದ್ದೆ ಎಲೆ ಇವುಗಳ ಮೇಲೆ ವಾಲಬೇಡಿ. ಮಂಜಿನಲ್ಲಿ ಹಗಲೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ.

ಇನ್ನು ಒಬ್ಬರೇ ಇರುವ ವಿಷಯ. ದೇಹದ ಒಳತಾಪ 35 ಡಿಗ್ರಿಗಿಂತ ಕೆಳಗೆ ಹೋದರೆ ಹೈಪೊಥರ್ಮಿಯಾ ಅನ್ನುತ್ತಾರೆ. ಮೈ ತಣ್ಣಗಾದ ಹಾಗೆ ಬುದ್ಧಿಯೂ ಮಂಕಾಗುತ್ತದೆ, ಹಾಗಾಗಿ ತನಗೆ ಏನೋ ಆಗುತ್ತಿದೆ ಎನ್ನುವುದು ಆ ಮನುಷ್ಯನಿಗೇ ಹೊಳೆಯುವುದಿಲ್ಲ. ಜೊತೆಗಾರ ಇದ್ದರೆ ಮಾತು ತೊದಲುವುದನ್ನು ಗಮನಿಸುತ್ತಾನೆ. ನಿಮಗೆ ಅದು ಇಲ್ಲ. ಅದಕ್ಕೆ ಪ್ರತಿ ಸಲ ನಿಂತಾಗ ಹೆಬ್ಬೆರಳನ್ನು ಅದೇ ಕೈಯ ಕಿರುಬೆರಳಿಗೆ ತಾಗಿಸಿ ನೋಡಿ. ತಾಗಿಸಲು ಕಷ್ಟವಾದರೆ, ಅಥವಾ ಕಾಲು ಎಡವಿದರೆ, ನಡುಕ ನಿಲ್ಲದಿದ್ದರೆ ಅಲ್ಲೇ ಪ್ರಯಾಣ ನಿಲ್ಲಿಸಿ. ಊರು ಇನ್ನು ಐದೇ ಕಿಲೋಮೀಟರ್ ಇದ್ದರೂ ಟೆಂಟ್ ಹಾಕಿ, ಒಣ ಬಟ್ಟೆಗೆ ಬದಲಿಸಿ, ಬ್ಯಾಗಿನೊಳಗೆ ಸೇರಿ ಸಿಹಿಯಾಗಿ ಬಿಸಿಯಾಗಿ ಏನಾದರೂ ಕುಡಿಯಿರಿ. ಜೋರಾಗಿದ್ದ ನಡುಕ ಮೈ ಬೆಚ್ಚಗಾಗದೆ ತಾನಾಗಿ ನಿಂತರೆ ಅದು ಒಳ್ಳೆಯ ಸೂಚನೆಯಲ್ಲ, ಕೂಡಲೇ ಸಹಾಯಕ್ಕೆ ಕರೆ ಮಾಡಬೇಕಾದ ಹೊತ್ತು.

ತೀರ್ಮಾನಗಳನ್ನು ಬೆಚ್ಚಗಿರುವಾಗಲೇ ಬರೆದಿಡಿ. ‘ಮಧ್ಯಾಹ್ನ 2ಕ್ಕೆ ನೆತ್ತಿ ದಾಟದಿದ್ದರೆ ಇವತ್ತು ದಾಟುವುದಿಲ್ಲ.’ ‘ಒಣ ಗ್ಲೌಸ್ ಮುಗಿದರೆ ಮೇಲಕ್ಕೆ ಹೋಗುವುದಿಲ್ಲ.’ ಹೀಗೆ ಹ್ಯಾಂಡಲ್ ಬ್ಯಾಗಿನಲ್ಲಿ ಒಂದು ಚೀಟಿ. ಮಳೆಯಲ್ಲಿ ದಣಿದು ನಿಂತಾಗ ವಾದ ಮಾಡಲು ಹೋಗಬೇಡಿ, ಚೀಟಿ ಹೇಳಿದಂತೆ ಮಾಡಿ. ಮನೆಯಲ್ಲಿ ಒಬ್ಬರಿಗೆ ದಿನದ ದಾರಿ ತಿಳಿಸಿ. ಇಂಥ ಹೊತ್ತಿನೊಳಗೆ ಸುದ್ದಿ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎನ್ನುವುದನ್ನೂ ತಿಳಿಸಿ. ಸಿಗ್ನಲ್ ಇಲ್ಲದ ಕಡೆಗೆ ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ ಸಾಧನ ಇದ್ದರೆ ತುಂಬಾ ಒಳ್ಳೆಯದು, ಆದರೆ ಕೆಲವು ದೇಶಗಳಲ್ಲಿ ಅದಕ್ಕೆ ಅನುಮತಿ ಬೇಕು, ಮೊದಲೇ ವಿಚಾರಿಸಿ. ಫೋನನ್ನು ಎದೆಯ ಒಳಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಬೇಗ ಕೂರುತ್ತದೆ. ಸೊನ್ನೆಗಿಂತ ಕೆಳಗೆ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಬಾರದು, ಹಾಳಾಗುತ್ತದೆ. ಒದ್ದೆ ಪರದೆ ಬೆರಳಿಗೆ ಸ್ಪಂದಿಸುವುದಿಲ್ಲ, ಹಾಗಾಗಿ ಪ್ಲಾಸ್ಟಿಕ್ ಹಾಳೆಯಲ್ಲಿ ಕಾಗದದ ನಕ್ಷೆಯೂ ಇರಲಿ.

ದಿನಕ್ಕೆ ಎಷ್ಟು ದೂರ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಮತಟ್ಟಿನಲ್ಲಿ ಹೋಗುವ ದೂರದ ಅರ್ಧ ಇಟ್ಟುಕೊಳ್ಳಿ. ನಾಲ್ಕೈದು ದಿನಕ್ಕೊಮ್ಮೆ ಸೂರಿರುವ ಕಡೆ ಒಂದು ರಾತ್ರಿ ತಂಗಿ ಎಲ್ಲವನ್ನೂ ಒಣಗಿಸಿ, ಸ್ಲೀಪಿಂಗ್ ಬ್ಯಾಗನ್ನು ಮುಖ್ಯವಾಗಿ. ಟೆಂಟ್‌ನಲ್ಲೇ ಮಲಗಬೇಕೆಂಬ ಹಟ ಮೂರು ವಾರವೂ ಬೇಡ.

ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಮಳೆ ಬರುವ ಒಂದು ವಾರಾಂತ್ಯ ನೋಡಿ, ಮನೆಯಿಂದ ಒಂದು ದಿನದ ದೂರದಲ್ಲಿ ಎರಡು ರಾತ್ರಿ ಟೆಂಟ್‌ನಲ್ಲಿ ಮಲಗಿ. ಒಂದು ರಾತ್ರಿ ಸಾಲದು, ಒದ್ದೆ ಟೆಂಟನ್ನು ಮಡಚಿ ಮತ್ತೆ ಹಾಕುವುದು ಎರಡನೆಯ ಸಂಜೆಯ ಪಾಠ. ರಬ್ಬರ್ ಗ್ಲೌಸ್ ಹಾಕಿಕೊಂಡೇ, ಕತ್ತಲಲ್ಲಿ ಟೆಂಟ್ ನಿಲ್ಲಿಸಿ. ಆ ಗ್ಲೌಸ್‌ನಲ್ಲಿ ತೆರೆಯಲಾಗದ ಜಿಪ್‌ಗೆಲ್ಲ ಒಂದೊಂದು ದಾರ ಕಟ್ಟಿ, ಬಿಚ್ಚಲಾಗದ ಬಕಲ್ ಬದಲಿಸಿ. ವಾಪಸ್ ಬಂದ ಮೇಲೆ ಬ್ರೇಕ್ ಪ್ಯಾಡ್ ಎಷ್ಟು ಸವೆದಿದೆ ಎಂದು ಅಳೆದು, ಮೂರು ವಾರಕ್ಕೆ ಎಷ್ಟು ಜೊತೆ ಬೇಕು ಎಂದು ಲೆಕ್ಕ ಹಾಕಿ.